ತೊಟ್ಟಿಲ್ಲದ ಮಿಡಿ, ನಮ್ಮದಲ್ಲದ ಲೇಬಲ್

ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಮ್ಮ 12 ವರ್ಷದಿಂದ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಹೋದ ವರ್ಷ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಅವರದೇ ಬಾಟಲಿ ಕಂಡ ಹಾಗಾಯ್ತು. ಖುಷಿಯಿಂದ ತಂದೆ. ಅದೇ ಹಳದಿ ಲೇಬಲ್, ಅದೇ ಜೋಡಿ ಮಿಡಿಯ ಚಿತ್ರ. ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಚಿಕ್ಕಮ್ಮ ಲೇಬಲ್ ಓದುವ ಗೋಜಿಗೇ ಹೋಗಲಿಲ್ಲ. ಮುಚ್ಚಳ ತೆಗೆದು ಚಮಚದಲ್ಲಿ ಒಂದು ಮಿಡಿ ಎತ್ತಿದರು.

"ತೊಟ್ಟೆಲ್ಲಿದೆ ಮಾರಾಯ? ಇದು ನಮ್ದಲ್ಲ."

ಅಪ್ಪೆಮಿಡಿಯನ್ನು ಮರ ಅಲುಗಿಸಿ ಉದುರಿಸುವುದಿಲ್ಲ. ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಪೆಟ್ಟಾಗದ ಹಾಗೆ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಸೊನೆ ಹೋದರೆ ಪರಿಮಳ ಹೋಯ್ತು, ಬಾಳಿಕೆಯೂ ಹೋಯ್ತು. ಗಾಂಧಿ ಬಜಾರಿನ ಬಾಟಲಿಯಲ್ಲಿದ್ದದ್ದು ಯಾವುದೋ ಮಾವಿನ ಎಳೆ ಕಾಯಿ, ಮೇಲೆ ಜಾಸ್ತಿ ವಿನೆಗರ್.

ಚಿಕ್ಕಮ್ಮನಿಗೆ ತೊಟ್ಟು ಸಾಕು. ಬೆಂಗಳೂರಿನಲ್ಲಿ ಕೊಳ್ಳುವವರು ನೋಡುವುದು ಲೇಬಲ್ಲನ್ನು, ಅಲ್ವಾ? ಕೊಳ್ಳುವವನಿಗೂ ಮಾಡುವವನಿಗೂ ದೂರ ಹೆಚ್ಚಾದಷ್ಟೂ ಗುರುತಿನ ಬೆಲೆ ಏರುತ್ತದೆ. ಟ್ರೇಡ್‌ಮಾರ್ಕ್ ಕಾನೂನು ಬೆಳೆದದ್ದೂ ಹೀಗೇ.

ನಮ್ಮಜ್ಜ ಅಡಿಕೆ ಚೀಲದ ಮೇಲೆ ಬಣ್ಣದಲ್ಲಿ ಹೆಸರಿನ ಮೊದಲಕ್ಷರ ಬರೆಸಿ ಮಂಡಿಗೆ ಕಳಿಸುತ್ತಿದ್ದರು. ಅವರ ಮಟ್ಟಿಗೆ ಟ್ರೇಡ್‌ಮಾರ್ಕ್ ಅಂದರೆ ಅಷ್ಟೇ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ದರ್ಜೆ ನೋಡಿ ಧಾರಣೆ ಕಟ್ಟುತ್ತಿದ್ದರೇ ಹೊರತು ಹೆಸರು ನೋಡಿ ಅಲ್ಲ. 1939ರಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಶುರುವಾದ ಮೇಲೂ ಅಡಿಕೆ ಮಾರಾಟವಾಗಿದ್ದು ದರ್ಜೆಯ ಮೇಲೇ. ದೇಶಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯ ಕಾಯ್ದೆ ಬಂದದ್ದು ಅದರ ಮರುವರ್ಷ, 1940ರಲ್ಲಿ. ಆಮೇಲೆ 1958ರದ್ದು ಬಂತು. ಈಗ ನಡೆಯುತ್ತಿರುವುದು 1999ರ ಕಾಯ್ದೆ, ಜಾರಿಯಾದದ್ದು 2003ರಲ್ಲಿ.

ಮಲೆನಾಡಿನ ಸರಕೊಂದು ಹೆಸರು ಹೊತ್ತು ದೂರ ಹೋದ ಕಥೆ ಬೇಕೆಂದರೆ ಗಂಧವನ್ನೇ ನೋಡಬೇಕು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಎಣ್ಣೆ ತೆಗೆಯಲು ಯುರೋಪಿಗೆ ಹೋಗುತ್ತಿತ್ತು. ಯುದ್ಧದಲ್ಲಿ ಹಡಗು ನಿಂತಿತು, ಮರದ ರಾಶಿ ಇಲ್ಲೇ ಉಳಿಯಿತು. ಹಾಗಾಗಿ 1916ರಲ್ಲಿ ಮೈಸೂರಿನಲ್ಲೇ ಎಣ್ಣೆ ಕಾರ್ಖಾನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ರಾಜರು, ವಿಶ್ವೇಶ್ವರಯ್ಯ ದಿವಾನರು. ಬೆನ್ನಿಗೇ ಸೋಪು ಬಂತು, ಅದರ ಹಿಂದೆ ರಸಾಯನ ತಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳ ದುಡಿಮೆ ಇತ್ತು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಆಯ್ತು. ಕಾಡು ನಮ್ಮದು, ಎಣ್ಣೆಯೂ ನಮ್ಮೂರಲ್ಲೇ ಇಳಿಯಿತು, ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಮೈಸೂರು! ಶಿವಮೊಗ್ಗದವರು ಇದನ್ನು ನಗುತ್ತಲೇ ಹೇಳುತ್ತಾರೆ, ಪೂರ್ತಿ ನಗುವಲ್ಲ.

ಆ ಪೆಟ್ಟಿಗೆಯ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭ ಇದೆ. ಓದಲು ಬಾರದವರೂ ಅದನ್ನು ನೋಡಿ ಸೋಪು ಕೇಳುತ್ತಾರೆ. ನಕಲು ಮಾಡುವವರಿಗೂ ಅದೇ ಬೇಕು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ಜಾಲ ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿಯ ಮಾಲು ಹಿಡಿದರು. ಇಂಥ ಗುರುತು ನಕಲು ಮಾಡಿ ಮಾರಿದರೆ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ.

ಅಷ್ಟು ಹಸಿಹಸಿ ನಕಲಾದರೆ ಗುರುತಿಸುವುದು ಸುಲಭ. ಕಷ್ಟ ಇರುವುದು ಚಿಕ್ಕಮ್ಮನ ಬಾಟಲಿಯಂಥ ಕಡೆ, ಒಂದಕ್ಷರ ಬದಲಾದಲ್ಲಿ. ಇದಕ್ಕೆ ಹಳೆಯ ಮೊಕದ್ದಮೆಯೊಂದಿದೆ. 'ಅಮೃತಧಾರಾ' ಎಂಬ ಔಷಧಿ, ಅದರ ಎದುರು 'ಲಕ್ಷ್ಮಣಧಾರಾ'. 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸಬೇಡಿ. ಹೆಸರು ಅರ್ಧಂಬರ್ಧ ನೆನಪಿರುವ ಸಾಮಾನ್ಯ ಗಿರಾಕಿ ಅಂಗಡಿಗೆ ಹೋದರೆ ಮೋಸ ಹೋಗುತ್ತಾನಾ, ಅದನ್ನು ನೋಡಿ. ಮೋಸ ಹೋಗುತ್ತಾನೆ ಅಂತಲೇ ಕೋರ್ಟು ಒಪ್ಪಿತು. ಆದರೂ ಲಕ್ಷ್ಮಣಧಾರೆಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ಸಿಕ್ಕಿತು. ಯಾಕೆಂದರೆ ಅಮೃತಧಾರೆಯವರು ವರ್ಷಗಟ್ಟಲೆ ಗೊತ್ತಿದ್ದೂ ಸುಮ್ನಿದ್ದರು.

ಈಗಿನ ಕಾಯ್ದೆಯಲ್ಲೂ ಆ ಗುಣ ಉಳಿದಿದೆ. ನಮ್ಮದನ್ನು ಹೋಲುವ ಹೆಸರನ್ನು ಇನ್ನೊಬ್ಬರು ನೋಂದಾಯಿಸಿ ಬಳಸುತ್ತಿರುವುದು ಗೊತ್ತಿದ್ದೂ 5 ವರ್ಷ ಬಾಯಿ ಬಿಡದಿದ್ದರೆ ಆಮೇಲೆ ತಡೆಯುವುದು ಕಷ್ಟ. ಅವರು ಕೆಟ್ಟ ಉದ್ದೇಶದಿಂದಲೇ ನೋಂದಾಯಿಸಿದರು ಅಂತ ತೋರಿಸಬೇಕಾಗುತ್ತದೆ. "ಪರಿಚಯದವರೇ ಬಿಡೋ, ಯಾಕೆ ಸುಮ್ನೆ ಜಗಳ" ಎನ್ನುವ ನಮ್ಮೂರಿನ ದಾಕ್ಷಿಣ್ಯಕ್ಕೆ ಇದು ದುಬಾರಿ.

ನೋಂದಣಿ ಇಲ್ಲದವರಿಗೆ ದಾರಿಯೇ ಇಲ್ಲ ಅಂತಲ್ಲ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಮೊಕದ್ದಮೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ಹೆಸರನ್ನು ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ಮೇಲು ಎಂದಿತು. ಇರುಟ್ಟುಕಡೈ ಅಂದರೆ ಕತ್ತಲೆ ಅಂಗಡಿ. ಆದರೆ ಮೊದಲು ಬಳಸಿದ್ದಕ್ಕೆ ಸಾಕ್ಷಿ ಬೇಕಲ್ಲ? ಹಳೆಯ ಬಿಲ್ಲು, ಲೇಬಲ್ ಅಚ್ಚು ಹಾಕಿಸಿದ ರಸೀದಿ. ಚಿಕ್ಕಮ್ಮ ಮೊದಲ ವರ್ಷದ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿದ್ದರು. ಆ ಕ್ಯಾಲೆಂಡರ್ ಬಚ್ಚಲೊಲೆಗೆ ಹೋಗಿ ಎಷ್ಟೋ ಕಾಲವಾಯ್ತು.

ಹಾಗಂತ ಹೆಸರು ಹೋಲಿದ್ದಕ್ಕೆಲ್ಲ ಕೇಸು ನಿಲ್ಲುವುದೂ ಇಲ್ಲ. ಕೆಎಂಎಫ್ 1985ರಿಂದ ನಂದಿನಿ ಹೆಸರಲ್ಲಿ ಹಾಲು ಮಾರುತ್ತಿದೆ. 'ನಂದಿನಿ ಡೀಲಕ್ಸ್' ಹೋಟೆಲು ಶುರುವಾದದ್ದು 1989ರಲ್ಲಿ. ಹೈಕೋರ್ಟಿನಲ್ಲಿ ಕೆಎಂಎಫ್ ಗೆದ್ದಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ನಿಂತಿತು. ನಂದಿನಿ ಎನ್ನುವುದು ದೇವರ, ಹಸುವಿನ ಹೆಸರು, ಯಾರೊಬ್ಬರ ಸೊತ್ತಲ್ಲ. ಸರಕು ಬೇರೆ, ಚಿತ್ರ ಬೇರೆ. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ನಮ್ಮ ಕಡೆಯ ಅರ್ಧ ಅಂಗಡಿಗಳ ಬೋರ್ಡು ಇಳಿಸಬೇಕಾದೀತು.

'ಮಲೆನಾಡು' ಎಂಬ ಪದದ ಕಥೆಯೂ ಇದೇ. ಬರೀ ಊರಿನ ಹೆಸರನ್ನು ಸಾಮಾನ್ಯವಾಗಿ ಒಬ್ಬರ ಟ್ರೇಡ್‌ಮಾರ್ಕ್ ಮಾಡಿಕೊಡುವುದಿಲ್ಲ. ಹಾಗಾದರೆ ಊರಿನ ಹೆಸರನ್ನು ಕಾಯುವವರು ಯಾರು? ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1997ರಲ್ಲಿ, ಅಮೆರಿಕದ ಕಂಪನಿಯೊಂದು ಬಾಸ್ಮತಿ ಅಕ್ಕಿಗೆ ಪೇಟೆಂಟ್ ಪಡೆದಾಗ. ನಮ್ಮಲ್ಲೇ ಕಾನೂನಿನ ರಕ್ಷಣೆ ಇಲ್ಲದ ಊರಿನ ಹೆಸರಿಗೆ ಹೊರದೇಶ ಯಾಕೆ ರಕ್ಷಣೆ ಕೊಡಬೇಕು? ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವೂ ಅದನ್ನೇ ಹೇಳುತ್ತಿತ್ತು. 1999ರಲ್ಲಿ ಊರಿನ ಹೆಸರು ಹೊತ್ತ ಸರಕನ್ನು ಕಾಯುವ ಜಿಐ (ಭೌಗೋಳಿಕ ಗುರುತು) ಕಾಯ್ದೆ ಬಂತು, 2003ರಲ್ಲಿ ಜಾರಿಯಾಯ್ತು. ಅದರ ಕಚೇರಿ ಚೆನ್ನೈನಲ್ಲಿದೆ. ಮೊದಲ ಗುರುತು ಡಾರ್ಜಿಲಿಂಗ್ ಚಹಾಕ್ಕೆ. ಆಮೇಲೆ ಮೈಸೂರು ಗಂಧದೆಣ್ಣೆ, ಸೋಪು, ನಮ್ಮ ಅಪ್ಪೆಮಿಡಿ, ಬಾಬಾಬುಡನ್‌ಗಿರಿ ಕಾಫಿ.

ಜಿಐ ಒಬ್ಬರ ಸೊತ್ತಲ್ಲ, ಮಾರಲೂ ಬರುವುದಿಲ್ಲ. ಅದು ಒಂದು ಸೀಮೆಯ ಬೆಳೆಗಾರರೆಲ್ಲರದ್ದು. ಅಲ್ಲೇ ಒಂದು ತಮಾಷೆಯೂ ಇದೆ. 2019ರಲ್ಲಿ ಶಿರಸಿ ಸುಪಾರಿಗೆ ಜಿಐ ಸಿಕ್ಕಿತು. ಅದರ ಸೀಮೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲ್ಲೂಕು. ಅದೇ ಮಳೆ, ಅದೇ ಬೇಲಿ, ಕೆಲವು ಕಡೆ ಅದೇ ನೆಂಟರು. ಆದರೆ ಈಚೆಯ ಅಡಿಕೆ ಶಿರಸಿ ಸುಪಾರಿ ಅಲ್ಲ.

ಅಪ್ಪೆಮಿಡಿಗೆ ಜಿಐ ಇದೆ ಅಂತ ಚಿಕ್ಕಮ್ಮ ಅದರ ಗುರುತನ್ನು ಲೇಬಲ್ಲಿಗೆ ಹಾಕಿಕೊಳ್ಳುವಂತೆಯೂ ಇಲ್ಲ. ಅಧಿಕೃತ ಬಳಕೆದಾರರು ಅಂತ ಹೆಸರು ಬರೆಸಬೇಕು. ತಮ್ಮ ಸ್ವಂತ ಹೆಸರಿನ ಟ್ರೇಡ್‌ಮಾರ್ಕಿಗೆ ಬೇರೆ ಅರ್ಜಿ. ಸಣ್ಣ ಉದ್ಯಮದವರು ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗದ ಸರಕಿಗೆ ಶುಲ್ಕ 4,500 ರೂಪಾಯಿ. ಸಿಕ್ಕರೆ 10 ವರ್ಷ, ಮತ್ತೆ ನವೀಕರಿಸಬಹುದು.

ಅರ್ಜಿ ಹಾಕಿದ್ದೇವೆ. ಈಗ ಲೇಬಲ್ಲಿನ ಮೂಲೆಯಲ್ಲಿ ಚಿಕ್ಕದಾಗಿ 'ಟಿಎಂ' ಅಂತ ಇದೆ. ವೃತ್ತದೊಳಗಿನ 'ಆರ್' ಹಾಕಲು ನೋಂದಣಿ ಆಗಿರಬೇಕು, ಮೊದಲೇ ಹಾಕಿದರೆ ಅದೇ ಕಾನೂನಿಗೆ ವಿರುದ್ಧ. ಇದನ್ನೆಲ್ಲ ಹೇಳಿದಾಗ ಚಿಕ್ಕಮ್ಮ ತಲೆಯಾಡಿಸಿದರು. ಆಮೇಲೆ ಅಚ್ಚಿನವನಿಗೆ ಫೋನ್ ಮಾಡಿ, ಈ ಸಲ ಲೇಬಲ್ಲನ್ನು ಅರ್ಧಕ್ಕರ್ಧ ಚಿಕ್ಕದು ಮಾಡಲು ಹೇಳಿದರು. ಗಾಜಿನ ಹೊರಗಿಂದ ತೊಟ್ಟು ಕಾಣಬೇಕಂತೆ.