ಗಿಡದಲ್ಲೇ ಐಎಎ ಇರುವಾಗ ಕಡ್ಡಿಗೆ ಬೇರು ಬರಿಸಲು ಐಬಿಎ ಯಾಕೆ?

ಪ್ರಶ್ನೆ: ಐಎಎ (ಇಂಡೋಲ್ ಅಸಿಟಿಕ್ ಆಮ್ಲ) ಗಿಡದ ಸಹಜ ಆಕ್ಸಿನ್, ಅಂದರೆ ಬೆಳವಣಿಗೆಯ ಹಾರ್ಮೋನು. ಆದರೂ ಕಡ್ಡಿ ನೆಡುವಾಗ ಎಲ್ಲರೂ ಐಬಿಎ (ಇಂಡೋಲ್ ಬ್ಯುಟಿರಿಕ್ ಆಮ್ಲ) ಬಳಸಿ ಎನ್ನುತ್ತಾರೆ. ಏಕೆ?

ಉತ್ತರ: ಸಹಜವಾಗಿರುವುದೇ ಐಎಎಗೆ ಇರುವ ತೊಡಕು. ಅದನ್ನು ಹದ್ದುಬಸ್ತಿನಲ್ಲಿಡುವ ಕಿಣ್ವಗಳು ಅಂಗಾಂಶದಲ್ಲಿ ಮೊದಲೇ ಇರುತ್ತವೆ. ಹೊರಗಿನಿಂದ ಐಎಎ ಬಂದೊಡನೆ ಜಿಎಚ್3 ಗುಂಪಿನ ಕಿಣ್ವಗಳು ಹೆಚ್ಚುತ್ತವೆ, ಅದಕ್ಕೆ ಅಮೈನೋ ಆಮ್ಲ ಜೋಡಿಸುತ್ತವೆ. ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್ ಸೇರಿದ್ದು ಹೆಚ್ಚಾಗಿ ಉತ್ಕರ್ಷಣೆಗೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಅಲನಿನ್, ಲ್ಯೂಸಿನ್ ಸೇರಿದ್ದು ದಾಸ್ತಾನಿದ್ದಂತೆ. ಗಿಡ ಬೇಕೆಂದಾಗ ಬಿಡಿಸಿಕೊಳ್ಳುತ್ತದೆ. ಹೀಗಾಗಿ ಬೇರಿನ ಮೊಳಕೆ ಮೂಡುವ ಮುನ್ನವೇ ನೀವು ಕೊಟ್ಟ ಐಎಎಯ ಬಹುಪಾಲು ಇಲ್ಲವಾಗಿರುತ್ತದೆ. ಬೆಳಕೂ ಅದನ್ನು ಒಡೆಯುತ್ತದೆ.

ಐಬಿಎಯ ಪಾರ್ಶ್ವಸರಪಳಿಯಲ್ಲಿ ನಾಲ್ಕು ಇಂಗಾಲ, ಐಎಎಯಲ್ಲಿ ಎರಡು. ಜೀವಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಅಂಗದಲ್ಲಿ ಬೀಟಾ ಉತ್ಕರ್ಷಣೆ ನಡೆದು ಎರಡು ಇಂಗಾಲ ಕಳಚಿದಾಗ ಐಬಿಎಯೇ ಐಎಎ ಆಗುತ್ತದೆ. ಅಂದರೆ ಕಡ್ಡಿಗೆ ಸಿಗುವುದು ಕೊನೆಗೂ ಐಎಎಯೇ, ಆದರೆ ಒಂದೇ ಸಲಕ್ಕಲ್ಲ, ನಿಧಾನವಾಗಿ. ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ) ಎಂಬ ಕೃತಕ ಆಕ್ಸಿನ್ ಕೂಡ ಬಳಕೆಯಲ್ಲಿದೆ; ಅದನ್ನು ಐಎಎ ಒಡೆಯುವ ಕಿಣ್ವಗಳು ಅಷ್ಟಾಗಿ ಮುಟ್ಟವು. ಅದು ಬಹುಕಾಲ ಉಳಿಯುವುದರಿಂದ ಪ್ರಮಾಣ ಸ್ವಲ್ಪ ಮೀರಿದರೂ ಬುಡದಲ್ಲಿ ಗಡ್ಡೆಯಂಥ ಕ್ಯಾಲಸ್ (ಬೇರಾಗದ ಕೋಶಗಳ ರಾಶಿ), ಮೊಂಡು ಬೇರು ಬರುತ್ತವೆ.

ಐಬಿಎ ನೀರಿನಲ್ಲಿ ನೇರವಾಗಿ ಕರಗದು. 1000 ಪಿಪಿಎಂ (ಲೀಟರಿಗೆ 1000 ಮಿಲಿಗ್ರಾಂ) ದ್ರಾವಣಕ್ಕೆ 100 ಮಿಲಿಗ್ರಾಂ ಪುಡಿಯನ್ನು 50 ಮಿಲಿ ಎಥನಾಲ್‌ನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರು ಸೇರಿಸಿ 100 ಮಿಲಿ ಮಾಡಿ. ಪೊಟ್ಯಾಸಿಯಂ ಲವಣರೂಪದ ಐಬಿಎಗೆ ನೀರೇ ಸಾಕು. ಎಳೆಯ ಕಡ್ಡಿಗೆ 500–1000, ಬಲಿತದ್ದಕ್ಕೆ 2000–5000 ಪಿಪಿಎಂ ಎಂಬುದು ಆರಂಭಕ್ಕೆ ಒಳ್ಳೆಯ ಅಂದಾಜು; ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಬುಡದ 1–2 ಸೆಂ.ಮೀ. ಮಾತ್ರ ಐದು ಸೆಕೆಂಡು ಅದ್ದಿ, ಆಲ್ಕೊಹಾಲ್ ಆರಿದ ಮೇಲೆ ನೆಡಿ. ಹೆಚ್ಚು ಹಾಕಿದರೆ ಬೇಗ ಬೇರು ಬರುತ್ತದೆಂಬ ನಂಬಿಕೆಯಿಂದ ಹಾಳಾಗುವ ಕಡ್ಡಿಗಳೇ ಹೆಚ್ಚು: ಬುಡ ಕಪ್ಪಾಗುತ್ತದೆ, ಮೊಗ್ಗು ಒಡೆಯುವುದಿಲ್ಲ.

ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಚೂರನ್ನು ಪ್ರಯೋಗಾಲಯದ ಪೋಷಕ ಮಾಧ್ಯಮದಲ್ಲಿ ಬೆಳೆಸುವಾಗ, ಇದೇ ಲೆಕ್ಕ ತಿರುವುಮುರುವಾಗಬಹುದು. ಬೇರು ಹುಟ್ಟಲು ಆಕ್ಸಿನ್ ಬೇಕು, ಹುಟ್ಟಿದ ಬೇರು ಉದ್ದವಾಗಲು ಅದೇ ಅಡ್ಡಿ. ಆದ್ದರಿಂದ ಅಲ್ಲಿ ತಾನಾಗಿ ಇಲ್ಲವಾಗುವ ಐಎಎ ಕೆಲವೊಮ್ಮೆ ಅನುಕೂಲವೇ. ಮಾಧ್ಯಮದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೊಕ್ಲೇವ್‌ನ (ಒತ್ತಡದ ಹಬೆಯ ಪಾತ್ರೆಯ) ಬಿಸಿಗೆ ಐಎಎಯ ಒಂದು ಪಾಲು ಹಾಳಾಗುತ್ತದೆ; ಆದ್ದರಿಂದ ಅದನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ತಣಿದ ಮಾಧ್ಯಮಕ್ಕೆ ಸೇರಿಸಿ.

ಅಷ್ಟಾದರೂ ಬೇರು ಬಾರದಿದ್ದರೆ ಆಕ್ಸಿನ್ ಏರಿಸುವ ಮುನ್ನ ಹಿಂದಿನ ಹಂತದಲ್ಲಿ ಚಿಗುರು ಹೆಚ್ಚಿಸಲು ಬಳಸಿದ ಬೆಂಜೈಲ್ ಅಡೆನಿನ್ ಎಂಬ ಹಾರ್ಮೋನಿನ ಪ್ರಮಾಣ ನೋಡಿ. ಕೆಲವು ಸಸ್ಯಗಳು ಅದಕ್ಕೆ ಗ್ಲೂಕೋಸ್ ಜೋಡಿಸಿ ಬುಡದಲ್ಲೇ ಕೂಡಿಡುತ್ತವೆ, ಬೇರು ತಡವಾಗುತ್ತದೆ. ಒಂದು ಸುತ್ತು ಹಾರ್ಮೋನಿಲ್ಲದ ಮಾಧ್ಯಮದಲ್ಲಿ ಬೆಳೆಸಿ, ನಂತರ ಬೇರಿನ ಮಾಧ್ಯಮಕ್ಕೆ ಹಾಕಿ.