ಕಾಡುಹಾದಿಗೂ ಡಾಂಬರು ರಸ್ತೆಗೂ ಒಗ್ಗುವ ಕನ್ನಡಿ ಯಾವುದು?

ಓದುಗರ ಪ್ರಶ್ನೆ: ನಿತ್ಯದ ಓಡಾಟಕ್ಕೂ ರಜೆಯ ದಿನ ಕಲ್ಲುಮಣ್ಣಿನ ಹಾದಿಗೂ ಒಂದೇ ಡ್ಯುಯಲ್ ಸ್ಪೋರ್ಟ್ ಬೈಕನ್ನು ಬಳಸುತ್ತೇನೆ. ಬೈಕಿನೊಂದಿಗೆ ಬಂದ ಕನ್ನಡಿಗಳಲ್ಲಿ ಒಂದು ಮೊದಲ ಸಲ ಬಿದ್ದಾಗಲೇ ಮುರಿಯಿತು. ಅದರ ಜಾಗಕ್ಕೆ ಚಿಕ್ಕದೊಂದನ್ನು ಹಾಕಿದರೆ ಹಿಂದಿನ ವಾಹನ ಸರಿಯಾಗಿ ಕಾಣುವುದಿಲ್ಲ. ಎರಡೂ ಕಡೆಗೆ ಹೊಂದುವ ಕನ್ನಡಿಯನ್ನು ಆರಿಸುವುದು ಹೇಗೆ?

ಉತ್ತರ: ಕನ್ನಡಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಗಾಜಿನ ಗಾತ್ರಕ್ಕೆ ಮತ್ತು ಆಕಾರಕ್ಕೆ. ಇಂಥ ಬೈಕಿನ ಮಟ್ಟಿಗೆ ಮೊದಲು ನೋಡಬೇಕಾದದ್ದು ಕನ್ನಡಿಯ ಕೀಲನ್ನು ಎಂಬುದು ನನ್ನ ಅಭಿಪ್ರಾಯ. ಹಾದಿಯಲ್ಲಿ ಬೈಕು ಬಿದ್ದೇ ಬೀಳುತ್ತದೆ. ಬಿದ್ದಾಗ ಆ ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಕೀಲು.

ಬಹಳಷ್ಟು ಬೈಕುಗಳಲ್ಲಿ ಎಡಗನ್ನಡಿಯ ದಂಡವನ್ನು ಹ್ಯಾಂಡಲ್‌ಬಾರಿಗೆ ಬಿಗಿದು ಕ್ಲಚ್ ಲಿವರನ್ನು ಹಿಡಿದಿರುವ ಅಚ್ಚಿಗೂ (ಬ್ರಾಕೆಟ್), ಬಲಗನ್ನಡಿಯದನ್ನು ಮುಂದಿನ ಬ್ರೇಕಿಗೆ ಎಣ್ಣೆಯ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಅಚ್ಚಿಗೂ ತಿರುಪಿರುತ್ತಾರೆ. ಈ ಅಚ್ಚುಗಳು ಎರಕ ಹೊಯ್ದ ಅಲ್ಯೂಮಿನಿಯಮ್ಮಿನವು, ದಂಡವೋ ಉಕ್ಕಿನದು. ಗೇಣುದ್ದದ ಉಕ್ಕಿನ ದಂಡ ನೆಲಕ್ಕೆ ತಾಗಿದಾಗ ಅದು ಸನ್ನೆಗೋಲಿನಂತೆ ವರ್ತಿಸಿ, ತಾನು ಸ್ವಲ್ಪ ಬಾಗಿ, ಬುಡದಲ್ಲಿರುವ ಅಚ್ಚನ್ನು ಸೀಳಿಬಿಡಬಹುದು. ಕನ್ನಡಿ ಒಡೆದರೆ ಮನೆಗೆ ಮರಳಬಹುದು; ಕ್ಲಚ್ ಲಿವರಿನ ಅಚ್ಚು ಒಡೆದರೆ ಮರಳುವುದೇ ಕಷ್ಟ. ಆ ದೃಷ್ಟಿಯಿಂದ, ಕನ್ನಡಿ ಮಾತ್ರ ಮುರಿದ ನಿಮ್ಮ ಅನುಭವವನ್ನು ಅದೃಷ್ಟವೆಂದೇ ಎಣಿಸಬೇಕು. ಆದ್ದರಿಂದ ಎಂದೂ ಮುರಿಯದ, ಎಂದೂ ಅಲುಗದ ಕನ್ನಡಿ ನಿಮಗೆ ಬೇಡ. ಗಾಳಿಗೂ ರಸ್ತೆಯ ಕುಲುಕಾಟಕ್ಕೂ ಅಲುಗದೆ, ಪೆಟ್ಟು ಬಿದ್ದಾಗ ಮಾತ್ರ ಬಿಟ್ಟುಕೊಡುವ ಕನ್ನಡಿ ಬೇಕು.

ಹೀಗೆ ಬಿಟ್ಟುಕೊಡುವ ಏರ್ಪಾಡುಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ದಂಡದ ಬುಡದಲ್ಲೋ ನಡುವಿನಲ್ಲೋ ಮಡಚುವ ಕೀಲು. ಇದು ಅಗ್ಗ, ಹಗುರ. ಆದರೆ ಸಾಮಾನ್ಯವಾಗಿ ಒಂದೇ ಸಮತಲದಲ್ಲಿ ಮಡಚಿಕೊಳ್ಳುವುದರಿಂದ ಬೇರೆ ದಿಕ್ಕಿನ ಪೆಟ್ಟಿಗೆ ಇದು ಉತ್ತರವಲ್ಲ. ಎರಡನೆಯದು ಗೋಲಕೀಲು. ಫೋನ್ ಹೋಲ್ಡರುಗಳಿಂದ ಹಲವರಿಗೆ ಪರಿಚಿತವಾಗಿರುವ ರ್‍ಯಾಮ್ ಮಾದರಿಯ ಒಂದಂಗುಲದ ರಬ್ಬರು ಗೋಲಗಳನ್ನೇ ಬಳಸಿ ಡಬಲ್‌ಟೇಕ್ ಮೊದಲಾದ ಕನ್ನಡಿಗಳು ಬಂದಿವೆ. ಹ್ಯಾಂಡಲ್‌ಬಾರಿನ ಬಳಿ ಒಂದು ಗೋಲ, ಕನ್ನಡಿಯ ಬೆನ್ನಿಗೆ ಇನ್ನೊಂದು, ಎರಡನ್ನೂ ಕಚ್ಚಿ ಹಿಡಿಯುವ ತೋಳು ಒಂದು: ಪೆಟ್ಟು ಯಾವ ಕಡೆಯಿಂದ ಬಂದರೂ ರಬ್ಬರು ಜಾರಿ ಕನ್ನಡಿ ತಿರುಗಿಕೊಳ್ಳುತ್ತದೆ, ಆಮೇಲೆ ಕೈಯಿಂದಲೇ ನೇರ ಮಾಡಬಹುದು. ಬೆಲೆ ಹೆಚ್ಚು, ನೋಟಕ್ಕೆ ಅಷ್ಟೇನೂ ಚೆಲುವಲ್ಲ. ಆದರೂ ಪದೇ ಪದೇ ಬೀಳುವವರಿಗೆ ನಾನು ಹೇಳುವುದು ಇದನ್ನೇ. ತೋಳಿನ ತಿರುಪನ್ನು ಮಾತ್ರ ಹದವರಿತು ಬಿಗಿಯಬೇಕು. ಜೋರಾಗಿ ತಳ್ಳಿದರೂ ಮಿಸುಕದಷ್ಟು ಬಿಗಿದರೆ ಅದೂ ಉಕ್ಕಿನ ದಂಡವೇ ಆಗಿಬಿಡುತ್ತದೆ.

ಇದೇ ತರ್ಕವನ್ನು ಲಿವರಿನ ಅಚ್ಚಿಗೂ ಅನ್ವಯಿಸಬಹುದು. ಅಚ್ಚಿನ ಅಡಿ ಹ್ಯಾಂಡಲ್‌ಬಾರಿಗೆ ಒಂದೆರಡು ಸುತ್ತು ಟೆಫ್ಲಾನ್ ಟೇಪು ಸುತ್ತಿ, ಓಡಿಸುವಾಗ ಜರುಗದಷ್ಟು ಮಾತ್ರ ಬಿಗಿದರೆ, ಬಿದ್ದಾಗ ಅಚ್ಚು ಸೀಳುವ ಬದಲು ಸುಮ್ಮನೆ ತಿರುಗಿಕೊಳ್ಳುತ್ತದೆ. ಖರ್ಚೇ ಇಲ್ಲದ ಈ ಉಪಾಯ ಎಂಡ್ಯೂರೋ (ಕಾಡುಮೇಡಿನ ಹಾದಿಯ ದೀರ್ಘ ಬೈಕ್ ಸ್ಪರ್ಧೆ) ಸವಾರರಲ್ಲಿ ಹಳೆಯ ರೂಢಿ.

ಇನ್ನು ಗಾಜಿನ ಮಾತು. ನೀವು ಹಾಕಿದ ಚಿಕ್ಕ ಕನ್ನಡಿಯ ತೊಂದರೆ ಬರಿಯ ಅಳತೆಯದಾಗಿರದೆ ಉಬ್ಬಿನದೂ ಆಗಿರಬಹುದು. ಚಪ್ಪಟೆ ಕನ್ನಡಿ ಹಿಂದಿನ ವಾಹನವನ್ನು ಇದ್ದ ಗಾತ್ರದಲ್ಲೇ ತೋರಿಸುತ್ತದೆ, ಆದರೆ ಕಿರಿದಾದ ನೋಟವನ್ನಷ್ಟೇ ಕೊಡುತ್ತದೆ. ಉಬ್ಬುಗನ್ನಡಿ ಅಗಲವಾದ ನೋಟ ಕೊಟ್ಟು ವಾಹನವನ್ನು ಕುಗ್ಗಿಸುವುದರಿಂದ, ಅದು ಇರುವುದಕ್ಕಿಂತ ದೂರದಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು: ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿರುವ ಕನ್ನಡಿಯ ವಕ್ರತಾ ತ್ರಿಜ್ಯ (ಇದು ಕಡಿಮೆಯಾದಷ್ಟೂ ಉಬ್ಬು ಹೆಚ್ಚು) 1200 ಮಿಲಿಮೀಟರ್ ಇದ್ದರೆ, ದೂರದ ವಾಹನ ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಸುಮಾರು ಅರ್ಧದಷ್ಟು ಕಾಣುತ್ತದೆ, ತ್ರಿಜ್ಯ 500 ಮಿಲಿಮೀಟರಿಗೆ ಇಳಿದರೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕನ್ನಡಿಗೆ ಅಗಲವಾದ ನೋಟ ಕೊಡಿಸಲೆಂದು ತಯಾರಕರು ಉಬ್ಬನ್ನು ಹೆಚ್ಚಿಸಿದಾಗ, ಹಿಂದಿನ ಲಾರಿ ಸಾಸಿವೆ ಕಾಳಾಗುತ್ತದೆ.

ಈ ಕಾರಣಕ್ಕೇ ನಿಯಮಗಳು ಕನಿಷ್ಠ ಅಳತೆಗಳನ್ನು ಗೊತ್ತುಪಡಿಸಿವೆ. ಮೋಟಾರ್‌ಸೈಕಲ್ ಕನ್ನಡಿಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 81ನೆಯ ನಿಯಮಾವಳಿಯ ಪ್ರಕಾರ ಪ್ರತಿಫಲನದ ಮೇಲ್ಮೈ 69 ಚದರ ಸೆಂಟಿಮೀಟರಿಗೆ ಕಡಿಮೆಯಿರಬಾರದು, ದುಂಡಗಿನ ಕನ್ನಡಿಯ ವ್ಯಾಸ 94 ಮಿಲಿಮೀಟರಿಗೆ ಕಡಿಮೆಯಿರಬಾರದು, ವಕ್ರತಾ ತ್ರಿಜ್ಯ 1000ದಿಂದ 1500 ಮಿಲಿಮೀಟರಿನೊಳಗೆ ಇರಬೇಕು. ಮೂರಂಗುಲದ ದುಂಡು ಕನ್ನಡಿಯ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್ ಮಾತ್ರ. ನಿಮ್ಮ ದೇಶದ ಕಾನೂನು ಏನೇ ಇರಲಿ, ನಾಲ್ಕಂಗುಲಕ್ಕೆ ತುಸು ಕಡಿಮೆಯಾದ ಈ 94 ಮಿಲಿಮೀಟರನ್ನು ಕೆಳಮಿತಿಯೆಂದು ಇಟ್ಟುಕೊಂಡರೆ ರಸ್ತೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ. ಎಷ್ಟು ಕನ್ನಡಿಗಳು ಕಡ್ಡಾಯ ಎಂಬುದನ್ನು ಮಾತ್ರ ಸ್ಥಳೀಯ ಕಾನೂನಿನಲ್ಲಿಯೇ ನೋಡಿಕೊಳ್ಳಬೇಕು. ಒಂದೇ ಸಾಕೆನ್ನುವ ಕಡೆ, ನಿಮ್ಮನ್ನು ಹಿಂದಿಕ್ಕುವ ವಾಹನಗಳು ಯಾವ ಬದಿಯಿಂದ ಬರುತ್ತವೆಯೋ ಆ ಬದಿಯದನ್ನು ಉಳಿಸಿಕೊಳ್ಳಿ.

ದೊಡ್ಡ ಕನ್ನಡಿಯಾದರೂ ನಡುಗಿದರೆ ಪ್ರಯೋಜನವಿಲ್ಲ. ಡ್ಯುಯಲ್ ಸ್ಪೋರ್ಟ್ ಬೈಕುಗಳಲ್ಲಿ ಹೆಚ್ಚಿನವು ಒಂಟಿ ಸಿಲಿಂಡರಿನವು. ಎಂಜಿನ್ ನಿಮಿಷಕ್ಕೆ 5000 ಸುತ್ತು ಸುತ್ತುವಾಗ ಹ್ಯಾಂಡಲ್‌ಬಾರಿಗೆ ಸೆಕೆಂಡಿಗೆ ಸುಮಾರು 83 ಸಲ ನಡುಕ ತಲುಪುತ್ತದೆ. ಕನ್ನಡಿಯ ಸಹಜ ಕಂಪನದ ವೇಗ ಇದಕ್ಕೆ ಹೊಂದಿಕೊಂಡರೆ ಅನುರಣನ ಉಂಟಾಗಿ ಬಿಂಬ ಕಲಸಿಹೋಗುತ್ತದೆ. ಕನ್ನಡಿ ಒಂದು ಕೋನದಷ್ಟು ತಿರುಗಿದರೆ ಬಿಂಬ ಅದರ ಎರಡರಷ್ಟು ಸರಿಯುವುದರಿಂದ ಅಲ್ಪ ನಡುಕವೂ ಬಲು ದೊಡ್ಡದಾಗಿ ಕಾಣುತ್ತದೆ. ದಂಡವನ್ನು ಗಿಡ್ಡವಾಗಿಸುವುದು ಒಂದು ಪರಿಹಾರ: ಉದ್ದ ಅರ್ಧವಾದರೆ ಬಿಗುವು ಎಂಟು ಪಟ್ಟಾಗುತ್ತದೆ. ಕನ್ನಡಿಯ ತಲೆಗೆ ತೂಕ ಸೇರಿಸಿ ಸಹಜ ಕಂಪನವನ್ನು ಎಂಜಿನ್ನಿನ ವೇಗಕ್ಕಿಂತ ಬಹಳ ಕೆಳಗೆ ಇಳಿಸುವುದು ಇನ್ನೊಂದು. ರಬ್ಬರು ಗೋಲಕೀಲು ಇಲ್ಲಿಯೂ ನೆರವಾಗುತ್ತದೆ, ಏಕೆಂದರೆ ಕಂಪನದ ಒಂದಷ್ಟು ಪಾಲನ್ನು ರಬ್ಬರೇ ನುಂಗುತ್ತದೆ. ಅತಿ ಗಿಡ್ಡ ದಂಡ ಹಾಕಿದರೆ ಕನ್ನಡಿಯಲ್ಲಿ ಕಾಣುವುದು ನಿಮ್ಮ ಮೊಣಕೈ ಮಾತ್ರ ಎಂಬುದೂ ನೆನಪಿರಲಿ.

ಹ್ಯಾಂಡಲ್‌ಬಾರಿನ ತುದಿಗೆ ಸಿಕ್ಕಿಸುವ ಕನ್ನಡಿಗಳು ರಸ್ತೆಯ ಬೈಕಿಗೆ ಚೆನ್ನ. ಮರಗಳ ನಡುವೆ ನುಸುಳುವ ಬೈಕಿನಲ್ಲಿ ಎಲ್ಲಕ್ಕಿಂತ ಹೊರಗಿರುವ ಭಾಗಕ್ಕೆ ಗಾಜು ಕಟ್ಟುವುದರಲ್ಲಿ ಅರ್ಥವಿಲ್ಲ. ಕೈಗೆ ರಕ್ಷೆಯಾಗಿ ಹಾಕುವ ಹ್ಯಾಂಡ್‌ಗಾರ್ಡ್ ಇದ್ದರೆ ಆ ತುದಿ ಖಾಲಿಯೂ ಇರುವುದಿಲ್ಲ.

ಕೊಳ್ಳುವ ಮುನ್ನ ತಿರುಪನ್ನು ಅಳೆಯಿರಿ. ಜಪಾನಿನ ಬೈಕುಗಳಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್ ವ್ಯಾಸ, 1.25 ಮಿಲಿಮೀಟರ್ ಪಿಚ್ (ಎಳೆಯಿಂದ ಎಳೆಗಿರುವ ಅಂತರ) ಇರುತ್ತದೆ. ಬಿಎಂಡಬ್ಲ್ಯುವಿನ ಹಲವು ಬೈಕುಗಳಲ್ಲಿ ಪಿಚ್ 1.5. ಯಮಹಾದ ಬಹಳಷ್ಟು ಬೈಕುಗಳ ಬಲಗನ್ನಡಿಗೆ ಎಡಮುಖ (ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುವ) ತಿರುಪು ಇರುತ್ತದೆ. ಮುಂದಿನಿಂದ ಪೆಟ್ಟು ಬಿದ್ದರೆ ಬಲಗನ್ನಡಿ ಪ್ರದಕ್ಷಿಣವಾಗಿ ಹಿಂದಕ್ಕೆ ತಿರುಗುತ್ತದೆ; ಸಾಮಾನ್ಯ ತಿರುಪಾದರೆ ಅದು ಇನ್ನಷ್ಟು ಬಿಗಿಯುತ್ತದೆ, ಎಡಮುಖವಾದ್ದರಿಂದ ಸಡಿಲುತ್ತದೆ. ಇದನ್ನರಿಯದೆ ಬಲವಂತವಾಗಿ ತಿರುಗಿಸಿ ಎಳೆಗಳನ್ನು ಕೆಡಿಸಿಕೊಂಡವರು ಕಡಿಮೆಯೇನಲ್ಲ.

ನಿಮ್ಮ ಬಳಕೆಗೆ ನಾನು ಸೂಚಿಸುವುದು ಇಷ್ಟು: ಗೋಲಕೀಲಿನ, ತುಸುವೇ ಉಬ್ಬಿದ, 94 ಮಿಲಿಮೀಟರಿಗೆ ಕಡಿಮೆಯಿಲ್ಲದ ಒಂದು ಜೊತೆ. ರಸ್ತೆಯಲ್ಲಿ ಕೂರುವ ಭಂಗಿಯಲ್ಲೇ ಕೂತು, ಒಳ ಅಂಚಿನಲ್ಲಿ ನಿಮ್ಮ ತೋಳು ಸ್ವಲ್ಪ ಕಾಣುವಂತೆ ಅದನ್ನು ಹೊಂದಿಸಿ. ಲೇನ್ ಬದಲಿಸುವಾಗ ಹೆಗಲ ಮೇಲಿಂದ ತಿರುಗಿ ನೋಡುವುದನ್ನು ಯಾವ ಕನ್ನಡಿಯೂ ತಪ್ಪಿಸಲಾರದು. ಕಡಿದಾದ ಹಾದಿಯಲ್ಲಿ ನಿಂತು ಓಡಿಸುವಾಗ ಕನ್ನಡಿ ಎದೆಗೆ ಬಡಿಯದಂತೆ ಅದನ್ನು ಒಳಕ್ಕೆ ಮಡಚಿ, ಇಲ್ಲವೇ ಬಿಚ್ಚಿ ಚೀಲಕ್ಕೆ ಹಾಕಿ. ಬಿಚ್ಚಿದ ತೂತಿಗೆ ಅದೇ ಅಳತೆಯ ಗಿಡ್ಡ ಬೋಲ್ಟೊಂದನ್ನು ಗ್ರೀಸ್ ಹಚ್ಚಿ ತಿರುಪಿಡಿ. ಕೆಸರು ತುಂಬಿ ಒಣಗಿದ ಎಳೆಗಳಲ್ಲಿ ಸಂಜೆ ಕನ್ನಡಿಯನ್ನು ಮತ್ತೆ ಕೂರಿಸಲು ಆಗುವುದಿಲ್ಲ.