ಫೋನು ಬಡವರ ಕೈಗೆ ಬಂದದ್ದು ಹೇಗೆ? ಸಿಂಧನೂರಿನಿಂದ ಒಂದು ಅಧ್ಯಯನ ಟಿಪ್ಪಣಿ

ಭಾರತದ ಟೆಲಿಕಾಂ ಬೆಳವಣಿಗೆಯ ಪಾಠದಲ್ಲಿ ನಾವೆಲ್ಲ ಮೊದಲು ಬಾಯಿಪಾಠ ಮಾಡುವುದು ಇಸವಿಗಳನ್ನು. 1995ರ ಜುಲೈ 31ರಂದು ಕಲ್ಕತ್ತಾದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಅದೇ ವರ್ಷ ಆಗಸ್ಟ್ 15ಕ್ಕೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ತೆರೆಯಿತು. 1997ರಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ ಬಂತು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಹತ್ತು ಅಂಕದ ಪ್ರಶ್ನೆಯಾದರೆ, ದಿನಗೂಲಿಯವರ ಮನೆಗೂ ಫೋನು ಬಂದದ್ದು ಯಾಕೆ ಅನ್ನುವುದನ್ನು ಬಿಡಿಸಿ ಬರೆಯಬೇಕು.

ಮೊದಲ ಕಾರಣ 1999ರ ಹೊಸ ಟೆಲಿಕಾಂ ನೀತಿ. ಇದನ್ನು ಹೊಲದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಅದಕ್ಕೂ ಮುಂಚೆ ಕಂಪನಿಗಳು ಸರ್ಕಾರಕ್ಕೆ ಲಾವಣಿ ಕಟ್ಟುತ್ತಿದ್ದವು: ಬೆಳೆ ಬರಲಿ ಬಿಡಲಿ, ಮಾತಾಡಿಕೊಂಡಷ್ಟು ಕೊಡಲೇಬೇಕು. ಗ್ರಾಹಕರೇ ಇಲ್ಲದಾಗ ಆ ಭಾರ ಹೊರುವುದು ಕಷ್ಟವಾಯಿತು. 1999ರ ನೀತಿ ಅದನ್ನು ಪಾಲಿಗೆ ಬದಲಿಸಿತು. ಬಂದ ಆದಾಯದಲ್ಲಿ ಇಂತಿಷ್ಟು ಸರ್ಕಾರಕ್ಕೆ. ಆಗ ಹೆಚ್ಚು ಜನರನ್ನು ಸೇರಿಸಿಕೊಂಡು ದರ ಇಳಿಸುವುದರಲ್ಲೇ ಕಂಪನಿಗೆ ಲಾಭ ಕಂಡಿತು. ಟವರ್ ನಿಲ್ಲಿಸುವ ಖರ್ಚು ಇನ್ನೂರು ಜನ ಬಳಸಿದರೂ ಎರಡು ಸಾವಿರ ಜನ ಬಳಸಿದರೂ ಹೆಚ್ಚು ಕಡಿಮೆ ಒಂದೇ ಅಲ್ಲವೆ?

ಎರಡನೆಯದು 2003. ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಒಳಬರುವ ಕರೆಗೂ ದುಡ್ಡು ಹೋಗುತ್ತಿತ್ತು. ಕರೆ ಮಾಡಿದವರೇ ದುಡ್ಡು ಕೊಡಬೇಕು ಅನ್ನುವ ಪದ್ಧತಿ ಬಂದ ಮೇಲೆ, ಬ್ಯಾಲೆನ್ಸ್ ಸೊನ್ನೆ ಇದ್ದರೂ ಫೋನು ಉಪಯೋಗಕ್ಕೆ ಬಂತು. 2005ರ ಕೊನೆಯಿಂದ, ಒಮ್ಮೆ ದುಡ್ಡು ಕಟ್ಟಿದರೆ ಒಳಬರುವ ಕರೆ ನಿಲ್ಲದ ಲೈಫ್‌ಟೈಮ್ ಪ್ಲಾನ್‌ಗಳೂ ಶುರುವಾದವು. ನಮ್ಮ ಅವ್ವನ ಕೀಪ್ಯಾಡ್ ಫೋನು ಆ ಕಾಲದ್ದು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಹತ್ತಿ ಬಿಡಿಸಲು ಹೋಗುತ್ತಿದ್ದಳು. ಕೂಲಿ ಕೈಗೆ ಬಂದ ದಿನ 10 ರೂಪಾಯಿಯ ಕೂಪನ್ ತಂದು ನನ್ನ ಕೈಗೆ ಕೊಡುತ್ತಿದ್ದಳು. ನಾನು ಉಗುರಿನಿಂದ ಕೆರೆದರೆ ಬೆಳ್ಳಿ ಪುಡಿ ಬೆರಳಿಗೆ ಅಂಟುತ್ತಿತ್ತು. ಗುಳೆ ಹೋದ ಅಣ್ಣ ಬೆಂಗಳೂರಿನಿಂದ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಕ್ಷೇಮ ಎಂದರ್ಥ, ಎರಡು ಸಲ ಬಂದರೆ ಏನೋ ತುರ್ತು, ನಾವೇ ಕರೆ ಮಾಡಬೇಕು. ಕಾಸಿಲ್ಲದವರು ಮಿಸ್ಡ್ ಕಾಲ್‌ನಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು.

ಇಲ್ಲಿ ಗಮನಿಸಬೇಕಾದ್ದು ದರಕ್ಕಿಂತ ಹೆಚ್ಚಾಗಿ ದರದ ಆಕಾರವನ್ನು. ನಮ್ಮ ಕಡೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ, ಆಮೇಲೆ ಹತ್ತಿ, ನಡುವೆ ಖಾಲಿ ವಾರಗಳು. ಇದ್ದಾಗ ಹಾಕು, ಇಲ್ಲದಾಗ ಬಿಡು ಅನ್ನುವ ಪ್ರೀಪೇಯ್ಡ್ ಈ ಬದುಕಿಗೆ ಹೊಂದಿತು.

ಫೋನಿನಿಂದ ಆದಾಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರ 2007ರ ಅಧ್ಯಯನ ಉದಾಹರಿಸಿ. ಉತ್ತರ ಕೇರಳದ ಮೀನುಗಾರರು ದೋಣಿಯಿಂದಲೇ ದರ ಕೇಳಿ ದಡ ಆರಿಸಿಕೊಂಡಾಗ ಮೀನು ವ್ಯರ್ಥವಾಗುವುದು ನಿಂತಿತು, ಅವರ ಲಾಭ ಸುಮಾರು ಶೇ. 8 ಏರಿತು, ಕೊಳ್ಳುವವರ ದರ ಶೇ. 4ರಷ್ಟು ಇಳಿಯಿತು. ಆದರೆ ಅದನ್ನು ಹಾಗೇ ತಂದು ನಮ್ಮ ಭತ್ತಕ್ಕೆ ಅಂಟಿಸಬೇಡಿ. ಬೀಜ ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಮುಂಗಡ ತಂದ ರೈತನಿಗೆ ಗಂಗಾವತಿ ಮಾರುಕಟ್ಟೆಯ ದರ ಗೊತ್ತಾದರೂ ಚೀಲ ಇಳಿಸುವುದು ಸಾಲ ಕೊಟ್ಟವನ ಅಂಗಡಿಯಲ್ಲೇ. ಕೂಲಿಯವರ ವಿಷಯ ಹಾಗಲ್ಲ. ನಾಳೆ ಇಂಥ ಹೊಲಕ್ಕೆ ಎಂಟು ಆಳು ಬೇಕು ಅನ್ನುವ ಮೇಸ್ತ್ರಿಯ ರಾತ್ರಿಯ ಕರೆ ಬಂದರೆ ಮರುದಿನದ ಕೂಲಿ ಖಾತ್ರಿ.

2016ರ ಕಥೆ ಎಲ್ಲರಿಗೂ ಗೊತ್ತು: ಸೆಪ್ಟೆಂಬರ್ 5ಕ್ಕೆ ಜಿಯೋ, ಕೆಲ ತಿಂಗಳು ಉಚಿತ ಡೇಟಾ, ಅದೇ ವರ್ಷ ಯುಪಿಐ. 2022ರ ಅಕ್ಟೋಬರ್ 1ಕ್ಕೆ 5ಜಿ. ಪೈಪೋಟಿಯಲ್ಲಿ ಹತ್ತಾರು ಕಂಪನಿಗಳು ಕರಗಿ ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರಿ ಕಂಪನಿಗಳು ಉಳಿದವು. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈನಲ್ಲಿ ಖಾಸಗಿಯವರು ದರ ಏರಿಸಿದರು.

ಪಠ್ಯಗಳು ಬಿಡುವ ಭಾಗ ಇದು. 2018ರ ಕೊನೆಯ ಹೊತ್ತಿಗೆ ಕಂಪನಿಗಳು ಕನಿಷ್ಠ ರೀಚಾರ್ಜ್ ತಂದವು: 28 ದಿನಕ್ಕೆ 35 ರೂಪಾಯಿ, ಹಾಕದಿದ್ದರೆ ಸ್ವಲ್ಪ ದಿನದಲ್ಲಿ ಒಳಬರುವ ಕರೆಯೂ ಬಂದ್. ಈಗಿನ ಕನಿಷ್ಠ ಅದಕ್ಕಿಂತ ಎಷ್ಟೋ ಹೆಚ್ಚು. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಂದು ಜಿಬಿಯ ದರ ನೋಡಿದರೆ ಎಲ್ಲವೂ ಅಗ್ಗ. ಡೇಟಾ ಬೇಡದ ಅವ್ವನಿಗೆ ಜಿಬಿ ಲೆಕ್ಕ ಯಾಕೆ? ಹೋದ ಸುಗ್ಗಿಯಲ್ಲಿ ವ್ಯಾಲಿಡಿಟಿ ಮುಗಿದು ಅವಳ ಫೋನು ಸುಮ್ಮನಾಯಿತು, ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡ. ನಾಲ್ಕು ದಿನದ ಕೂಲಿ ಹೋಯಿತು. ನನಗೆ ಇದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ, ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್‌ನ ವೋಚರ್ ಕೊಡಲೇಬೇಕು, ವ್ಯಾಲಿಡಿಟಿ 365 ದಿನದವರೆಗೂ ಇರಬಹುದು ಎಂದು ನಿಯಮ ತಿದ್ದಿತು. ಒಂದೇ ಸಲ ದೊಡ್ಡ ಮೊತ್ತ ಕಟ್ಟಲು ಆಗದವರಿಗೆ ಇದರಿಂದಲೂ ಅರ್ಧ ಪರಿಹಾರವೇ.

ಕೊನೆಗೆ ಟೆಲಿ ಸಾಂದ್ರತೆ: ಸಂಪರ್ಕಗಳ ಸಂಖ್ಯೆ ÷ ಜನಸಂಖ್ಯೆ × 100. 2024ರ ಮಾರ್ಚ್‌ನಲ್ಲಿ ಗ್ರಾಮೀಣ ಭಾರತದಲ್ಲಿ ಸುಮಾರು 59, ನಗರಗಳಲ್ಲಿ 133ಕ್ಕೂ ಹೆಚ್ಚು. 133 ಬಂದದ್ದು ಹೇಗೆ? ಎಣಿಸುವುದು ಸಿಮ್‌ಗಳನ್ನು. 1,000 ಜನರ ಊರಲ್ಲಿ 590 ಸಿಮ್ ಇದ್ದು, 150 ಜನರ ಬಳಿ ಎರಡೆರಡು ಇದ್ದರೆ, ಫೋನು ಇರುವವರು 440 ಜನ ಮಾತ್ರ. ಹಾಗಾಗಿ ಟ್ರಾಯ್ ವರದಿಯಲ್ಲಿ ಒಟ್ಟು ಚಂದಾದಾರರ ಪಕ್ಕದಲ್ಲೇ ಇರುವ ಸಕ್ರಿಯ ಚಂದಾದಾರರ ಅಂಕಿಯನ್ನೂ ಬರೆದುಕೊಳ್ಳಿ. ಆ ಎರಡರ ನಡುವಿನ ಅಂತರದಲ್ಲಿ ಎಷ್ಟೋ ಜನರ ಎರಡನೇ ಸಿಮ್‌ಗಳಿವೆ, ಅವ್ವನ ಫೋನಿನಂಥ ಸುಮ್ಮನಾದ ಫೋನುಗಳೂ ಇವೆ.